ನಮ್ಮೂರ್ ಚಂದ್ರ ಅಲ್ಲ ಮಿಸ್

2005ರಿಂದ ಒಂದೆರಡು ವರ್ಷ ನನ್ನ ಬೀಗದಕೈ ಗೊಂಚಲಿನಲ್ಲಿ ಮೂರು ಕೈಗಳಿದ್ದವು. ಒಂದು ಬಿಸಿಯೂಟದ ಅಕ್ಕಿ ಕೋಣೆಯದು, ಇನ್ನೊಂದು ಆಫೀಸ್ ರೂಮಿನ ಬೀರುವಿನದು, ಮೂರನೆಯದು ಟಿ.ವಿ. ಪೆಟ್ಟಿಗೆಯದು. ಅಕ್ಕಿ ಕೋಣೆ ತೆಗೆದರೆ ಅಡುಗೆಯವರು ಮಾತ್ರ ಬರೋರು. ಟಿ.ವಿ. ಪೆಟ್ಟಿಗೆಯ ಬೀಗ ಕಿಟಿಕಿಟಿ ಅಂದರೆ ಸಾಕು, ಇಡೀ ಶಾಲೆ ಬಂದು ಕೂರುತ್ತಿತ್ತು. ಕಾಂಪೌಂಡಿನಾಚೆ ಮೇಕೆ ಮೇಯಿಸುತ್ತಿದ್ದ ಮುದುಕರು ಕಿಟಕಿಗೆ ಮುಖ ಒತ್ತಿಕೊಂಡು ನಿಲ್ಲೋರು.

ಲೊಕ್ಕನಹಳ್ಳಿ ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಮಿಸ್ ಆಗಿ ಬಂದದ್ದು 1989ರಲ್ಲಿ. ಆಗ ನಮ್ಮದು ಮೈಸೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಆಮೇಲೆ ಹನೂರು ತಾಲ್ಲೂಕಾಯಿತು. ಶಾಲೆ ಇದ್ದಲ್ಲೇ ಇತ್ತು, ಬೋರ್ಡಿಗೆ ಮಾತ್ರ ಪ್ರತಿ ಸಲವೂ ಬಣ್ಣ ಹೊಡೆಸಿದೆವು. ಭೂಮಿ, ಸೂರ್ಯ, ಚಂದ್ರರ ಪಾಠದ್ದೂ ಇದೇ ಕತೆ. ಪಾಠ ಅದೇ, ಅದನ್ನು ಹೇಳುವ ಸಾಮಾನು ಬೇರೆಬೇರೆ. ನಿವೃತ್ತಿಯಾದ ಮೇಲೆ ಜಗಲಿಯಲ್ಲಿ ಕೂತು ಎಣಿಸುತ್ತೇನೆ: ಹಡಗಿನ ಚಿತ್ರ, ಗ್ಲೋಬು, ರೇಡಿಯೊ, ಉಪಗ್ರಹದ ಟಿ.ವಿ., ಕಂಪ್ಯೂಟರು, ಕಡೆಗೆ ಮೊಬೈಲು.

ಹಡಗಿನ ಚಿತ್ರ ನಮ್ಮಪ್ಪನ ಕಾಲದ್ದು. ಅವರು ಓದುವಾಗ ಕೊಳ್ಳೇಗಾಲ ಮೈಸೂರಿಗೂ ಸೇರಿರಲಿಲ್ಲ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಈ ಕಡೆ ಬಂತು. ಭೂಮಿ ದುಂಡಗಿದೆ ಎನ್ನುವುದಕ್ಕೆ ಅವರ ಮೇಷ್ಟ್ರು ಕೊಡುತ್ತಿದ್ದ ಸಾಕ್ಷಿ ಒಂದೇ ಅಂತೆ: ದೂರದ ಕಡಲಲ್ಲಿ ಬರುವ ಹಡಗಿನ ಪಟಸ್ತಂಭ ಮೊದಲು ಕಾಣುತ್ತದೆ, ಒಡಲು ಆಮೇಲೆ. ಕಡಲನ್ನೇ ಕಾಣದ ತಾಲ್ಲೂಕು ಇದು. ಇಲ್ಲಿನವರು ಕಂಡ ದೊಡ್ಡ ನೀರೆಂದರೆ ಕಾವೇರಿ, ದೋಣಿಯೆಂದರೆ ಹರಿಗೋಲು. ಹರಿಗೋಲಿಗೆ ಎಲ್ಲಿಯ ಪಟಸ್ತಂಭ? ಅಪ್ಪ ಪರೀಕ್ಷೆಯಲ್ಲಿ ಅದನ್ನೇ ಬರೆದು ಪಾಸಾದರು, ಸಾಯುವ ತನಕ ಭೂಮಿಯನ್ನು ಚಪ್ಪಟೆ ಎಂದೇ ನಂಬಿದ್ದರು. ಕೇಳಿದರೆ, "ದುಂಡಗದ ಅಂತ ಗೊತ್ತು ಕಣವ್ವ, ಆದ್ರ ನನ್ ಹೊಲ ಚಪ್ಪಟ್ಟೆಯಾಗೇ ಅದಲ್ಲ," ಎನ್ನೋರು.

ನಾನು ಬಂದಾಗ ಶಾಲೆಯಲ್ಲಿ ತಗಡಿನದೊಂದು ಗ್ಲೋಬಿತ್ತು. 1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಸಣ್ಣ ಶಾಲೆಗಳಿಗೆಲ್ಲ ಇನ್ನೊಂದು ಕೋಣೆ, ಇನ್ನೊಬ್ಬ ಶಿಕ್ಷಕರು ಮತ್ತು ಒಂದಿಷ್ಟು ಬೋಧನೆಯ ಸಾಮಾನು ಕೊಡಬೇಕೆಂದಿತ್ತು. ನಕ್ಷೆ, ಗ್ಲೋಬು, ವಿಜ್ಞಾನದ ಕಿಟ್ಟು ಆ ಪಟ್ಟಿಯಲ್ಲಿದ್ದವು. ನಮ್ಮ ಗ್ಲೋಬು ಆಸ್ಟ್ರೇಲಿಯಾದ ಹತ್ತಿರ ನೆಗ್ಗಿತ್ತು. ಇನ್ನೂ ನೆಗ್ಗೀತೆಂದು ಹೆಡ್‌ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟು, ತಪಾಸಣೆಯ ದಿನ ಮಾತ್ರ ತೆಗೆಯೋರು. ಒಂದು ಸಲ ನಾನು ಕದ್ದು ತಂದು ನಾಲ್ಕನೇ ತರಗತಿಯಲ್ಲಿಟ್ಟೆ. ಒಬ್ಬ ಹುಡುಗ ಸುತ್ತ ಎರಡು ಸಲ ಬಂದು ಕೇಳಿದ: "ಮಿಸ್, ನಾವು ಇದ್ರೊಳಗ ಇದ್ದೀವಾ, ಮ್ಯಾಲ ಇದ್ದೀವಾ?" ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಹೇಳಿದರು, ಹೈದರಾಬಾದಿನ ಮಕ್ಕಳು ಭೂಮಿ-ಸೂರ್ಯ-ಚಂದ್ರರನ್ನು ಮನಸ್ಸಿನಲ್ಲಿ ಹೇಗೆ ಕಟ್ಟಿಕೊಂಡಿದ್ದಾರೆ ಎಂದು ಸಂಶೋಧಕರು ವಿಚಾರಿಸಿ 1996ರಲ್ಲಿ ಒಂದು ಲೇಖನ ಪ್ರಕಟಿಸಿದ್ದರಂತೆ. ಭೂಮಿ ನೀರಿನ ಮೇಲೆ ನಿಂತಿದೆ ಎಂದ ಮಕ್ಕಳು ಅದರಲ್ಲಿದ್ದರು. ನನ್ನ ಹುಡುಗನದು ಪೆದ್ದು ಪ್ರಶ್ನೆಯಲ್ಲ, ಅಂಥ ಪ್ರಶ್ನೆಗಳನ್ನು ದೊಡ್ಡದೊಡ್ಡವರು ಕೂತು ಬರೆದುಕೊಳ್ಳುತ್ತಾರೆ ಎಂದು ಗೊತ್ತಾಗುವ ಹೊತ್ತಿಗೆ ಅವನು ಕೊಳ್ಳೇಗಾಲದ ರೇಷ್ಮೆ ಮಾರುಕಟ್ಟೆಯಲ್ಲಿ ಗೂಡು ಹೊರುತ್ತಿದ್ದ.

ನಮ್ಮ ಮಕ್ಕಳಿಗೆ ಆಕಾಶ ಗೊತ್ತಿರಲಿಲ್ಲ ಎಂದಲ್ಲ. ಈ ಸೀಮೆಯಲ್ಲಿ 'ಹೊತ್ತು' ಅಂದರೆ ವೇಳೆಯೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟುತ್ತದೆ, ಹೊತ್ತು ಏರುತ್ತದೆ, ಹೊತ್ತು ಮುಳುಗುತ್ತದೆ. ಮೂಡುವ ದಿಕ್ಕು ಮೂಡಲು, ಬೀಳುವ ದಿಕ್ಕು ಪಡುವಲು. ಇಷ್ಟೂ ಮಾತಿನಲ್ಲೇ ಇರುವಾಗ ಸೂರ್ಯ ಅಲ್ಲಾಡುವುದಿಲ್ಲ, ನಾವೇ ತಿರುಗುತ್ತಿದ್ದೇವೆ ಎಂದು ನಾನು ಹೇಳಿದರೆ ಯಾರು ಕೇಳಬೇಕು? ಚಂದ್ರನ ಲೆಕ್ಕವಂತೂ ಮಾದಪ್ಪನ ಕೈಯಲ್ಲಿತ್ತು. ಅಮಾವಾಸ್ಯೆಗೆ ಅವನ ಮಲೆ ಮಹದೇಶ್ವರ ಬೆಟ್ಟಕ್ಕೆ ಜನ ಹೊರಡುತ್ತಾರೆ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹಾಜರಿ ಪುಸ್ತಕದಲ್ಲಿ ಕಾಲುಭಾಗ ಖಾಲಿ. ನಾನು ಕ್ಯಾಲೆಂಡರ್ ನೋಡದೆ ಹಾಜರಿಯ ಮೇಲೇ ಅಮಾವಾಸ್ಯೆ ಹೇಳಬಲ್ಲೆ. ಒಡೆಯರಪಾಳ್ಯದ ಕಡೆ 1970ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿನವರ ಹೊಸವರ್ಷ ಲೋಸರ್ ಕೂಡ ಚಂದ್ರಮಾನದ್ದೇ. ಎಷ್ಟೋ ವರ್ಷ ನಮ್ಮ ಶಿವರಾತ್ರಿ ಮುಗಿದ ಒಂದೆರಡು ದಿನಕ್ಕೆ ಅವರಲ್ಲಿ ಹಬ್ಬ. ಒಂದೇ ಅಮಾವಾಸ್ಯೆಯ ಆಚೆ ಒಬ್ಬರು, ಈಚೆ ಒಬ್ಬರು.

ಆದರೆ ರಾತ್ರಿ ಚಂದ್ರನನ್ನು ನೋಡಿಕೊಂಡು ಬನ್ನಿ ಎಂದು ಹೋಂವರ್ಕ್ ಕೊಡುವ ಹಾಗಿರಲಿಲ್ಲ. ಅದು ಕಾಡುಗಳ್ಳ ವೀರಪ್ಪನ್ ಕಾಲ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ, 1993ರಲ್ಲಿ ಪಾಲಾರ್ ಸ್ಫೋಟ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರ ಅಪಹರಣ. ಹೊತ್ತು ಮುಳುಗಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಒಂದು ವರ್ಷ ಹುರುಪಿನಲ್ಲಿ ಹದಿನೈದು ದಿನ ಚಂದ್ರನ ಚಿತ್ರ ಬರೆದು ತನ್ನಿ ಎಂದೆ. ಮಾರನೇ ದಿನವೇ ಒಬ್ಬಳ ತಾಯಿ ಬಂದು, "ಮಿಸ್, ಮಗಳು ಕತ್ತಲಲ್ಲಿ ಹಿತ್ತಲಿಗ ಹೋದ್ರ ಯಾರ್ ಏನ್ ಅನ್ಕತ್ತಾರೊ, ಬುಡಿ," ಎಂದು ಕೈ ಮುಗಿದಳು. ಆಮೇಲೆ ಮಕ್ಕಳು ಚಿತ್ರವನ್ನೇನೋ ತಂದರು. ಎಲ್ಲವೂ ಗೋಡೆ ಕ್ಯಾಲೆಂಡರಿನ ಕರಿ ಉಂಡೆ, ಬಿಳಿ ಉಂಡೆ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಹಾರಿತು. 1950 ಕಿಲೋ ತೂಕದ ಆ ಉಪಗ್ರಹ ಇದ್ದದ್ದೇ ಪಾಠಕ್ಕೆ. ಸರಿಯಾಗಿ ನಾಲ್ಕು ವಾರ ಕಳೆದು, ಅಕ್ಟೋಬರ್ 18ರ ರಾತ್ರಿ ವೀರಪ್ಪನ್ ಸತ್ತ. ಈ ಎರಡು ಸುದ್ದಿಗೂ ಒಂದಕ್ಕೊಂದು ಏನೂ ಸಂಬಂಧವಿಲ್ಲ, ಆದರೆ ನಮ್ಮ ಹೋಬಳಿಯಲ್ಲಿ ಎರಡೂ ಒಟ್ಟಿಗೇ ನೆನಪಿಗೆ ಬರುತ್ತವೆ. ಪ್ರಾಥಮಿಕ ಶಾಲೆಗಳಿಗೆ ಉಪಗ್ರಹದಿಂದ ಪಾಠ ಕೊಟ್ಟು ನೋಡಲು ಆರಿಸಿಕೊಂಡದ್ದು ನಮ್ಮ ಚಾಮರಾಜನಗರ ಜಿಲ್ಲೆಯನ್ನೇ. 885 ಶಾಲೆಗಳಿಗೆ ತಟ್ಟೆಯಂಥ ಆಂಟೆನಾ, ಪೆಟ್ಟಿಗೆ, ಟಿ.ವಿ. ಬಂದವು. 2005ರ ಶುರುವಿನಲ್ಲಿ ನಮ್ಮ ಸೂರಿನ ಮೇಲೆ ಆ ತಟ್ಟೆ ಕೂರಿಸುವಾಗ ಊರಿನವರು ದೂರದಲ್ಲಿ ನಿಂತು ನೋಡಿದರು. ಕಾಡುಗಳ್ಳ ಹೋದ ಮೇಲೂ ಪೊಲೀಸರ ವೈರ್‌ಲೆಸ್ ಯಾಕೆ ಎಂದು ಒಬ್ಬರು ಕೇಳಿಯೂ ಬಿಟ್ಟರು.

ಕರ್ನಾಟಕಕ್ಕೆ ಇಂಥದ್ದು ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ್ದರು. ನಮ್ಮಲ್ಲಿ ಅದು ಗುಲ್ಬರ್ಗಾ, ರಾಯಚೂರು, ಬಿಜಾಪುರದ ಕಡೆ. ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಛತ್ರಿಯಂಥ ಆಂಟೆನಾ ಅದರದು. ನಮಗೆ ಬಂದದ್ದು ಕೇರುವ ಮೊರಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ.

ತಟ್ಟೆ ಕೂರಿಸಿದವನು ದಿಕ್ಸೂಚಿ ಹಿಡಿದು ಅದರ ಮುಖವನ್ನು ತೆಂಕಲಿಗೆ, ಚೂರು ಪಡುವಲಿಗೆ ತಿರುಗಿಸಿ, ನಟ್ಟು ಬಿಗಿದು ಹೋದ. ಉಪಗ್ರಹ 74 ಡಿಗ್ರಿ ರೇಖಾಂಶದ ಮೇಲೆ, ಸಮಭಾಜಕದ ನೇರಕ್ಕೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿತ್ತು. ಒಂದು ವಾರ ಕಳೆದಿರಬೇಕು, ಐದನೇ ತರಗತಿಯ ಹುಡುಗಿಯೊಬ್ಬಳು ಟಿ.ವಿ. ನೋಡುವುದು ಬಿಟ್ಟು ಸೂರು ನೋಡುತ್ತಾ ಕೇಳಿದಳು: "ಭೂಮಿ ಸುತ್ತದ ಅಂತೀರಿ. ಆ ತಟ್ಟ ಯಾಕ ಸುತ್ತಲ್ಲ ಮಿಸ್? ಅದು ನೋಡ್ಕಂಡಿರದು ತಪ್ಪೋಗಲ್ವ?"

ನನಗೆ ಉತ್ತರ ಗೊತ್ತಿರಲಿಲ್ಲ. ಕೊಳ್ಳೇಗಾಲಕ್ಕೆ ಹೋದಾಗ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರೊಬ್ಬರನ್ನು ಹಿಡಿದು ಕೇಳಿದೆ. ಉಪಗ್ರಹವೂ ಭೂಮಿಯಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಬರುತ್ತದೆ, ಅದಕ್ಕೇ ನಿಂತಂತೆ ಕಾಣುತ್ತದೆ ಎಂದರು. ಮಾರನೇ ದಿನ ಅಂಗಳದಲ್ಲಿ ಅದೇ ಹುಡುಗಿಯನ್ನು ನಡುವೆ ನಿಲ್ಲಿಸಿ ಅವಳ ಕೈಗೊಂದು ಟವೆಲ್ ಕೊಟ್ಟೆ. ಇನ್ನೊಂದು ತುದಿ ಒಬ್ಬ ಹುಡುಗನ ಕೈಗೆ. ಅವಳು ನಿಂತಲ್ಲೇ ಮೆಲ್ಲಗೆ ತಿರುಗಬೇಕು, ಅವನು ಟವೆಲ್ ಸಡಿಲವಾಗದಂತೆ ಸುತ್ತ ಓಡಬೇಕು. ಅವಳು ಅವನ ಮುಖ ನೋಡುತ್ತಲೇ ತಿರುಗಿದಳು. "ಅವನು ಅಲ್ಲೇ ಅವ್ನ ಮಿಸ್, ಶಾಲೆನೇ ಓಡೋಯ್ತಾ ಅದ!" ಎಂದು ಕೂಗಿದಳು. ಭೂಮಿ ತಿರುಗುವುದನ್ನು ಒಂದು ಮಗು ಮೈಯಲ್ಲಿ ಅನುಭವಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮುಂಬಯಿಯ ಹೋಮಿ ಭಾಭಾ ಕೇಂದ್ರದವರು ಮಹಾರಾಷ್ಟ್ರದ ಮಕ್ಕಳಿಗೆ ಖಗೋಳವನ್ನು ಹೀಗೇ ಕೈ, ಮೈ, ಅಭಿನಯದಿಂದ ಕಲಿಸಿ ನೋಡಿದ್ದಾರೆ ಎಂದು ಆಮೇಲೆ ಓದಿದೆ. ನಾನು ಮಾಡಿದ್ದು ಬೇರೆ ದಾರಿ ಕಾಣದೆ.

ಟಿ.ವಿ.ಯಲ್ಲಿ ಬಂದ ಪಾಠಗಳು ನೆನಪಿವೆಯೇ ಎಂದರೆ, ಅಷ್ಟಾಗಿ ಇಲ್ಲ. ಕರೆಂಟು ಇದ್ದ ದಿನ ನೋಡಿದೆವು, ಇಲ್ಲದ ದಿನ ಹಾಡು ಹೇಳಿಕೊಂಡೆವು. ನೆನಪಿರುವುದು ಒಂದು ಮಾರ್ಚ್ ತಿಂಗಳ ಮಧ್ಯಭಾಗ. ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ, ಹನ್ನೆರಡೂ ಮುಕ್ಕಾಲರ ಹೊತ್ತು, ಪರದೆಯ ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಯಿತು. ಏಳೆಂಟು ನಿಮಿಷಕ್ಕೆ ತಾನೇ ಸರಿಹೋಯಿತು. ಮಾರನೇ ದಿನ ಅದೇ ಹೊತ್ತಿಗೆ ಮತ್ತೆ. ಮೂರನೇ ದಿನವೂ. ನಾನು ಕೇಬಲ್ ಎಳೆದೆ, ಪೆಟ್ಟಿಗೆ ಬಡಿದೆ, ಇಲಿಯನ್ನು ಬೈದೆ. ಸೂರು ಹತ್ತಿದ ಹುಡುಗ ಅಲ್ಲಿಂದಲೇ ಕೂಗಿದ: "ಮಿಸ್, ತಟ್ಟೆ ಮೂತಿ ಬೆಳುಗ್ತಾ ಅದ!" ಹತ್ತಿ ನೋಡಿದರೆ ಹೌದು, ತಟ್ಟೆಯ ಮೇಲೆ ಬಿದ್ದ ಬಿಸಿಲೆಲ್ಲ ಒಂದೇ ಕಡೆ ಸೇರಿ, ಮುಂದಕ್ಕೆ ಚಾಚಿಕೊಂಡಿದ್ದ ಆ ಸಣ್ಣ ಮೂತಿಯ ಮೇಲೆ ಕೂತಿತ್ತು. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಂತಿದ್ದ. ಅವನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ತಟ್ಟೆಗೆ ಕೇಳಿಸುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ, ಮಾರ್ಚಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಸೂರ್ಯ ಸಮಭಾಜಕವನ್ನು ದಾಟುವ ಹೊತ್ತಿಗೆ ನಾಲ್ಕೈದು ದಿನ ಹೀಗಾಗುತ್ತದಂತೆ. ಸೂರ್ಯ, ಉಪಗ್ರಹ, ನಮ್ಮ ಸೂರು, ಮೂರೂ ಒಂದೇ ಗೆರೆಯಲ್ಲಿ. ಸೆಪ್ಟೆಂಬರಿನಲ್ಲಿ ಮಕ್ಕಳು ಮೊದಲೇ ಕಾದು ಕೂತಿದ್ದರು. ಅಂದು ಚಿತ್ರ ಒಡೆದಾಗ ಚಪ್ಪಾಳೆ ತಟ್ಟಿದ ಶಾಲೆ ಆ 885ರಲ್ಲಿ ನಮ್ಮದೊಂದೇ ಇರಬೇಕು. ಆ ಸಲ ಹೊತ್ತು ಮಾತ್ರ ಹನ್ನೆರಡೂವರೆಯ ಹತ್ತಿರಕ್ಕೆ ಜರುಗಿತ್ತು. ಅದೂ ಒಂದು ಪ್ರಶ್ನೆಯಾಯಿತು, ಆ ಕಡೆ ಹೋದರೆ ಕತೆ ಮುಗಿಯುವುದಿಲ್ಲ.

ಎಜುಸ್ಯಾಟ್ 2010ರ ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿತು. ನಮ್ಮ ಟಿ.ವಿ. ಅದಕ್ಕೂ ಮುಂಚೆಯೇ ನಿಲ್ಲಿಸಿತ್ತು. ತಟ್ಟೆಯನ್ನು ಇಳಿಸಿ ಅಡುಗೆಯವರು ಹುಣಸೆಹಣ್ಣು ಒಣಗಿಸಲು ಇಟ್ಟುಕೊಂಡರು. ಒಳ್ಳೇ ಬಿಸಿಲು ಹಿಡಿಯುತ್ತದೆ ಎಂದು ಮೆಚ್ಚಿದರು. ಅದು ನನಗೇನೂ ಹೊಸ ವಿಷಯವಾಗಿರಲಿಲ್ಲ. ನಡುವೆ ರೇಡಿಯೊದ 'ಕೇಳಿ-ಕಲಿ' ಕೂಡ ಬಂತು. ಕೇಳಿ ಕುಣಿಯಲು ಚೆನ್ನಾಗಿತ್ತು, ಚಂದ್ರನನ್ನು ಕಿವಿಯಲ್ಲಿ ತೋರಿಸುವುದು ಕಷ್ಟ.

ಇನ್ನು ಕಂಪ್ಯೂಟರು. ನಮ್ಮ ದೇಶದ ಶಾಲೆಗಳಿಗೆ ಅದು ಮೊದಲು ಬಂದದ್ದು 1984ರಲ್ಲಿ, ಬಿಬಿಸಿ ಮೈಕ್ರೊ ಎಂಬ ಯಂತ್ರಗಳ ರೂಪದಲ್ಲಿ, ಆಯ್ದ ಕೆಲವು ಹೈಸ್ಕೂಲುಗಳಿಗೆ. ಕರ್ನಾಟಕದಲ್ಲಿ 2001ರ 'ಮಾಹಿತಿ ಸಿಂಧು' ಕೂಡ ಹೈಸ್ಕೂಲಿನದೇ. ಪ್ರಾಥಮಿಕ ಶಾಲೆಯ ಕಡೆ ಮುಖ ಮಾಡಿದ್ದು ಅದೇ ಸುಮಾರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ. ಮಕ್ಕಳು ಆಡುತ್ತಾ ಕಲಿಯಲೆಂದು ಕನ್ನಡದಲ್ಲೂ ಪಾಠದ ಸಿ.ಡಿ.ಗಳನ್ನು ಮಾಡಿ ಹಂಚಿತು. ಬೇರೆ ಕಡೆಯವೂ ಬಂದವು. ನಮ್ಮ ಶಾಲೆಗೆ ನಾಲ್ಕು ಕಂಪ್ಯೂಟರ್ ಬರುವಾಗ 2007 ಆಗಿತ್ತು. ಅದಕ್ಕೊಂದು ಕೋಣೆ, ಕಿಟಕಿಗೆ ಕಬ್ಬಿಣದ ಜಾಲರಿ, ಮಾನಿಟರುಗಳಿಗೆ ನಾನೇ ಹೊಲಿದ ಹೂವಿನ ಬಟ್ಟೆಯ ಮುಸುಕು. ಒಳಗೆ ಹೋಗುವಾಗ ಚಪ್ಪಲಿ ಹೊರಗೆ. ಯಾರು ಈ ನಿಯಮ ಮಾಡಿದರೋ, ನಾನು ನೋಡಿದ ಶಾಲೆಗಳಲ್ಲೆಲ್ಲ ಇತ್ತು, ದೇವಸ್ಥಾನ ಬಿಟ್ಟರೆ ಕಂಪ್ಯೂಟರ್ ರೂಮು. ಆಯುಧಪೂಜೆಗೆ ನಾಲ್ಕಕ್ಕೂ ಕುಂಕುಮ ಹಚ್ಚಿ, ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು.

ಒಂದು ಸಿ.ಡಿ.ಯಲ್ಲಿ ಚಂದ್ರನ ಪಾಠವಿತ್ತು. ಯಾರು ಮಾಡಿದ್ದು ಎನ್ನುವುದು ಬೇಡ, ಇಂಥ ಚಿತ್ರ ಎಲ್ಲ ಪುಸ್ತಕದಲ್ಲೂ ಇದೆ. ಭೂಮಿ ನಡುವೆ, ಸುತ್ತ ಎಂಟು ಚಂದ್ರ. ಇಲಿಯನ್ನು ಒತ್ತಿದರೆ (ಮಕ್ಕಳು ಮೌಸನ್ನು ಇಲಿ ಎಂದೇ ಕರೆಯುತ್ತಿದ್ದುದು) ಆಯಾ ದಿನದ ಚಂದ್ರ ದೊಡ್ಡದಾಗಿ ಕಾಣಬೇಕು. ಬಿದಿಗೆ, ತದಿಗೆಯ ಹೊತ್ತಿನ ಚಂದ್ರನನ್ನು ಒತ್ತಿದಾಗ ಪರದೆಯ ತುಂಬ ಒಂದು ಕುಡುಗೋಲು ನೆಟ್ಟಗೆ ನಿಂತಿತು, ಬೆಳಕಿನ ಬೆನ್ನು ಬಲಕ್ಕೆ, ಕೊಂಬೆರಡೂ ಎಡಕ್ಕೆ. ಶಿವರಾತ್ರಿ ಆಗಷ್ಟೇ ಮುಗಿದಿತ್ತು. ಹಿಂದಿನ ಸಂಜೆ ತಾನೇ ಬಿಳಿಗಿರಿರಂಗನ ಬೆಟ್ಟದ ಸಾಲಿನ ಮೇಲೆ ಎಳೆ ಚಂದ್ರನನ್ನು ಎಲ್ಲರೂ ಕಂಡಿದ್ದೆವು. ಆಗ ಸಂಜೆ ಹೊರಗೆ ನಿಲ್ಲಲು ಯಾರ ಹೆದರಿಕೆಯೂ ಇರಲಿಲ್ಲ. ಆರನೇ ತರಗತಿಯ ಹುಡುಗಿ, ಸೋಲಿಗರ ಪೋಡಿನಿಂದ ಬರುತ್ತಿದ್ದವಳು, ಬಾಯಿ ಬಿಡುವುದೇ ಅಪರೂಪ, ಪರದೆ ನೋಡಿ ತಲೆ ಆಡಿಸಿದಳು.

"ಇದು ನಮ್ಮೂರ್ ಚಂದ್ರ ಅಲ್ಲ ಮಿಸ್."

ಯಾಕೆ ಎಂದೆ. "ನಮ್ದು ಮಲಗಿರ್ತದ," ಎಂದಳು. ಎರಡೂ ಅಂಗೈ ಜೋಡಿಸಿ ನೀರು ಕುಡಿಯುವ ಬೊಗಸೆಯಂತೆ ಹಿಡಿದು ತೋರಿಸಿದಳು. ಹೌದಲ್ಲ! ಶಿವನ ತಲೆಯ ಮೇಲೆ ಚಂದ್ರ ಕೂತಿರುವುದೂ ಹಾಗೇ, ಕೊಂಬು ಮೇಲಕ್ಕೆ. ನಲವತ್ತು ದಾಟಿದ್ದ ನಾನು ದಿನಾ ಪೂಜೆ ಮಾಡುವ ಫೋಟೋದಲ್ಲಿ ಅದನ್ನು ನೋಡಿದ್ದೆ, ತರಗತಿಯಲ್ಲಿ ಬೋರ್ಡಿನ ಮೇಲೆ ಮಾತ್ರ ನಿಲ್ಲಿಸಿಯೇ ಬರೆಯುತ್ತಿದ್ದೆ. ಅಷ್ಟರಲ್ಲಿ ಇಬ್ಬರು ಹುಡುಗರು ಮಾನಿಟರಿಗೆ ಕೈ ಹಾಕಿದರು. ಆಗಿನವು ಕಲ್ಲಿನಷ್ಟು ಭಾರದ ಡಬ್ಬಿಗಳು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅದನ್ನು ಬಲಮಗ್ಗುಲಿಗೆ ಮಲಗಿಸಿದರು. ಕುಡುಗೋಲು ಬೊಗಸೆಯಾಯಿತು. "ಈಗ ನಮ್ದಾಯ್ತು," ಎಂದಳು ಅವಳು.

ಇದರ ಹಿಂದಿನ ಲೆಕ್ಕ ಕಷ್ಟದ್ದಲ್ಲ. ಚಂದ್ರನ ಬೆಳಕಿನ ಬೆನ್ನು ಯಾವಾಗಲೂ ಸೂರ್ಯನ ಕಡೆಗಿರುತ್ತದೆ. ನಾವಿರುವುದು ಸಮಭಾಜಕದಿಂದ ಹನ್ನೆರಡೇ ಡಿಗ್ರಿ ಬಡಗಲಿಗೆ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಕೆಳಕ್ಕಿಳಿಯುತ್ತಾನೆ. ಫೆಬ್ರವರಿ, ಮಾರ್ಚಿನಲ್ಲಂತೂ ಮುಳುಗಿದ ಸೂರ್ಯ ಎಳೆ ಚಂದ್ರನ ನೇರ ಕೆಳಗಿರುತ್ತಾನೆ, ಅದಕ್ಕೇ ದೋಣಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದೋಣಿ ಒಂದಿಷ್ಟು ವಾಲುತ್ತದೆ. ಲಂಡನ್ನಿನ ಕಡೆಯವರಿಗೆ ಸೂರ್ಯ ಓರೆಯಾಗಿ ಜಾರುವುದರಿಂದ ಚಂದ್ರನೂ ಎದ್ದು ನಿಂತಂತೆ ಕಾಣುತ್ತಾನೆ. ಪುಸ್ತಕದ ಚಂದ್ರ ಆ ಕಡೆಯಿಂದ ಬಂದವನು. ಅಪ್ಪನ ಕಾಲದ ಹಡಗೂ ಅಲ್ಲಿಂದಲೇ ಬಂದಿತ್ತು.

2010ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಅನುರಾಗ್ ಬೆಹರ್ ಅವರೇ ಶಾಲೆಯಲ್ಲಿ ಕಂಪ್ಯೂಟರಿನಿಂದ ಆಗುವುದಕ್ಕೆ ಮಿತಿಯಿದೆ ಎಂದು ಮಿಂಟ್ ಪತ್ರಿಕೆಯ ಅಂಕಣದಲ್ಲಿ ಬರೆದರು. ಸಿ.ಡಿ. ಕೆಲಸದ ಹತ್ತಿರ ಇದ್ದವರು ಹಾಗೆ ಬರೆಯಲು ಧೈರ್ಯ ಬೇಕು. ನನ್ನ ಕೋಣೆಯ ಮಟ್ಟಿಗೆ ನಾನು ಅರ್ಧ ಒಪ್ಪುತ್ತೇನೆ. ಒತ್ತಿದರೆ ಉತ್ತರ ಬರುವ ಆಟದಿಂದ ನಮ್ಮ ಮಕ್ಕಳು ಕಲಿತದ್ದು ಒತ್ತುವುದನ್ನೇ. ಆದರೆ ಆ ತಪ್ಪು ಚಂದ್ರ ಪರದೆಯ ಮೇಲೆ ಬಾರದೇ ಇದ್ದರೆ ಆ ಹುಡುಗಿ ಬಾಯಿ ಬಿಡುತ್ತಿದ್ದಳೇ?

ಉಳಿದರ್ಧ ಗೊತ್ತಾದದ್ದು 2013ರ ಆಚೆಗೆ. ಆ ಹೊತ್ತಿಗೆ ರಾಜ್ಯದ ಶಿಕ್ಷಣ ಇಲಾಖೆ ಹೈಸ್ಕೂಲ್ ಶಿಕ್ಷಕರಿಗೆ ಕನ್ನಡದಲ್ಲಿ ಮುಕ್ತ ಸಂಪನ್ಮೂಲಗಳನ್ನು ಕೊಡತೊಡಗಿತ್ತು, ಜೊತೆಗೆ ಪುಕ್ಕಟೆ ಸಿಗುವ ತಂತ್ರಾಂಶಗಳ ತರಬೇತಿ. ನನಗೆ ತಟ್ಟೆಯ ಗುಟ್ಟು ಹೇಳಿದ್ದ ಅದೇ ಮೇಷ್ಟ್ರು ಒಂದು ಪೆನ್ ಡ್ರೈವ್‌ನಲ್ಲಿ ಸ್ಟೆಲ್ಲೇರಿಯಮ್ ಹಾಕಿಕೊಟ್ಟರು. ಫ್ರಾನ್ಸಿನ ಫೇಬಿಯನ್ ಶೆರೋ ಎಂಬವರು 2000ದಲ್ಲಿ ಶುರುಮಾಡಿ, ಜಗತ್ತಿನ ಎಷ್ಟೋ ಜನ ಸೇರಿ ಬೆಳೆಸಿದ ಆಕಾಶ ಅದು. ಅದಕ್ಕೆ ಮೊದಲು ಹೇಳಬೇಕಾದದ್ದೇ ನಾವು ಎಲ್ಲಿ ನಿಂತಿದ್ದೇವೆ ಎಂದು. ಊರುಗಳ ಪಟ್ಟಿಯಲ್ಲಿ ನಮ್ಮ ಶಾಲೆ ಎಲ್ಲಿಂದ ಇರಬೇಕು! ಅಕ್ಷಾಂಶ 12, ರೇಖಾಂಶ 77ರ ಮೇಲೆ ಚಿಲ್ಲರೆ ಎಂದು ಒತ್ತಿ, ಹೆಸರಿನ ಜಾಗದಲ್ಲಿ 'ಲೊಕ್ಕನಹಳ್ಳಿ' ಎಂದು ಮಕ್ಕಳ ಕೈಯಲ್ಲೇ ಬರೆಸಿದೆ. ಶಿವರಾತ್ರಿ ಕಳೆದ ಮೂರನೇ ಸಂಜೆಗೆ ಕಾಲ ಹಿಂದಕ್ಕೆ ತಿರುಗಿಸಿದೆವು. ಪಡುವಲಲ್ಲಿ ಬೊಗಸೆ ಚಂದ್ರ ತೇಲಿದ. ಮಾನಿಟರ್ ಮಲಗಿಸುವ ಅಗತ್ಯ ಬೀಳಲಿಲ್ಲ.

ಆದರೂ ಆ ತಂತ್ರಾಂಶದ ಆಕಾಶವನ್ನು ಒಪ್ಪಿಕೊಳ್ಳುವ ಮುಂಚೆ, ಅದರ ಸೂರ್ಯ ನಮ್ಮ ನೆರಳಿಗೆ ಹೊಂದುತ್ತಾನೋ ಎಂದು ಮಕ್ಕಳು ಧ್ವಜದ ಕಂಬದ ಹತ್ತಿರ ಪರೀಕ್ಷೆ ಇಟ್ಟರು. ಇಪ್ಪತ್ತಡಿ ಕಂಬ. ನಡುಹಗಲ ಹೊತ್ತಿನಲ್ಲಿ ಜನವರಿ 26ಕ್ಕೆ ಅದರ ನೆರಳು ಬಡಗಲಿಗೆ ಹನ್ನೆರಡಡಿ ಇತ್ತು. ಆಗಸ್ಟ್ 15ಕ್ಕೆ ತೆಂಕಲಿಗೆ ಒಂದು ಗೇಣು. ಆಗ ಸೂರ್ಯ ನಮ್ಮ ನೆತ್ತಿಯಿಂದ ಬಡಗಲಿಗೆ ಸರಿದಿರುತ್ತಾನೆ. ನಡುಹಗಲು ಎಂದರೆ ಗಡಿಯಾರದ ಹನ್ನೆರಡಲ್ಲ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವು ಅಲ್ಲಿಂದ ಐದು ಡಿಗ್ರಿ ಪಡುವಲಿಗಿದ್ದೇವೆ, ನಮ್ಮ ನೆತ್ತಿಗೆ ಸೂರ್ಯ ಬರಲು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ತಡ. ನೆರಳೇ ಇಲ್ಲದ ದಿನ ವರ್ಷಕ್ಕೆ ಎರಡು. ಏಪ್ರಿಲ್ ಮೂರನೇ ವಾರ ಕಳೆದು ಬರುವುದು ಬೇಸಿಗೆ ರಜೆಯಲ್ಲಿ ಹೋಗುತ್ತದೆ. ಆಗಸ್ಟ್ 21, 22ರ ಆಸುಪಾಸಿನದು ಮೋಡದಲ್ಲಿ. ಅಷ್ಟು ವರ್ಷದಲ್ಲಿ ನಮಗೆ ಸರಿಯಾಗಿ ಸಿಕ್ಕಿದ್ದು ಎರಡೇ ಸಲ.

ಗ್ರಹಣದ್ದೂ ಒಂದು ಮಾತು ಹೇಳಬೇಕು. 1980ರ ಫೆಬ್ರವರಿ 16ರಂದು ಅಂಕೋಲಾದಿಂದ ರಾಯಚೂರಿನ ತನಕ ಪೂರ್ಣ ಸೂರ್ಯಗ್ರಹಣವಾದಾಗ ನನಗೆ ಹದಿನೈದು. ಕೊಳ್ಳೇಗಾಲದಲ್ಲಿ ಕಿಟಕಿ ಮುಚ್ಚಿ, ನೀರಿಗೆ ದರ್ಬೆ ಹಾಕಿ ಒಳಗೆ ಕೂತಿದ್ದೆವು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. 2019ರ ಡಿಸೆಂಬರ್ 26ರ ಬೆಳಿಗ್ಗೆ ಬಹುಪಾಲು ಸೂರ್ಯ ಮರೆಯಾದಾಗ ಶಾಲೆಗೆ ಬಂದದ್ದು ಹನ್ನೊಂದು ಮಕ್ಕಳು. ಅಡುಗೆಯವರು ಗ್ರಹಣ ಬಿಡದೆ ಒಲೆ ಹಚ್ಚುವುದಿಲ್ಲ ಎಂದರು, ನಾನು ಒತ್ತಾಯ ಮಾಡಲಿಲ್ಲ. ಹೊಂಗೆ ಮರದ ಕೆಳಗೆ ಎಲೆಯ ಸಂದಿಯಿಂದ ಬೀಳುವ ಬಿಸಿಲಿನ ಬೊಟ್ಟುಗಳೆಲ್ಲ ಅಂದು ಎಳೆ ಚಂದ್ರನಾಗಿದ್ದವು, ನೆಲದ ತುಂಬ ನೂರಾರು. ಒಲೆ ಹಚ್ಚದೆ ಕೂತಿದ್ದ ಅಡುಗೆಯಮ್ಮನೇ ಎದ್ದು ಬಂದು ತನ್ನ ಸೆರಗಿನ ಮೇಲೆ ನಾಲ್ಕು ಹಿಡಿದುಕೊಂಡು ನಿಂತಳು.

ಕೊರೋನಾ ಬಂತು, ಪಾಠ ಮೊಬೈಲಿಗೆ ಹೋಯಿತು, ಪುಸ್ತಕದ ಕ್ಯೂಆರ್ ಕೋಡಿಗೆ ಫೋನು ಹಿಡಿದು ಸಿಗ್ನಲ್ಲಿಗಾಗಿ ದಿಬ್ಬ ಹತ್ತಿದ ಮಕ್ಕಳನ್ನು ನೋಡಿದೆ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ.

2023ರ ಆಗಸ್ಟ್ 23, ಬುಧವಾರ. ಸಂಜೆ ಚಂದ್ರಯಾನ-3 ಇಳಿಯುವುದೆಂದು ಶಾಲೆ ಬಿಟ್ಟ ಮೇಲೂ ಮೂವತ್ತು ಮಕ್ಕಳು ಉಳಿದುಕೊಂಡಿದ್ದರು. ಒಬ್ಬ ಶಿಕ್ಷಕರ ಫೋನನ್ನು ಗೋಡೆಯ ಟಿ.ವಿ.ಗೆ ಜೋಡಿಸಿದ್ದೆವು. ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿತು, ಚಂದ್ರನ ತೆಂಕಲ ತುದಿಯ ಕಡೆ, ಸುಮಾರು 69 ಡಿಗ್ರಿಯಲ್ಲಿ. ಬೆಂಗಳೂರಿನ ಆಚೆ ಬ್ಯಾಲಾಳಿನಲ್ಲಿ 32 ಮೀಟರಿನ ದೊಡ್ಡ ತಟ್ಟೆ ಇದೆ, ಅಷ್ಟು ದೂರದ ಮಾತನ್ನು ಕೇಳಿಸಿಕೊಳ್ಳಲು ಅಂಥದ್ದು ಬೇಕು ಎಂದು ನಾನು ಹೇಳುತ್ತಿದ್ದೆ, ಕೇಳುವವರು ಯಾರೂ ಇರಲಿಲ್ಲ, ಎಲ್ಲರೂ ಕುಣಿಯುತ್ತಿದ್ದರು. ಒಬ್ಬ ಹುಡುಗ ಮಾತ್ರ ಅಂಗಳಕ್ಕೆ ಓಡಿದ. ನಾನೂ ಹಿಂದೆ ಹೋದೆ. ಇನ್ನೂ ಬೆಳಕಿತ್ತು. ಮೋಡ ಅಲ್ಲಲ್ಲಿ ಹರಿದಿತ್ತು, ತೆಂಕಲಲ್ಲಿ ಎತ್ತರಕ್ಕೆ ಅರ್ಧ ಚಂದ್ರ ಬೆಳ್ಳಗೆ ಕಂಡ.

ಅವನು ಒಂದು ಕಣ್ಣು ಮುಚ್ಚಿ, ಬೆರಳಿಟ್ಟು ಅಳೆದ. "ಬೆಳಕಿರ ಕಡೆನೇ ಇಳ್ದದ ಅಲ್ವಾ ಮಿಸ್?" ಎಂದ. ಹೌದು, ಅಲ್ಲಿ ಆಗ ತಾನೇ ಬೆಳಗಾಗಿದೆ, ಇನ್ನು ಹದಿನಾಲ್ಕು ದಿನ ಬಿಸಿಲು, ಅದಕ್ಕೇ ಈ ದಿನ ನೋಡಿ ಇಳಿಸಿದ್ದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಲ್ಲಿ ನಿಂತ್ಕಂಡ್ ನೋಡುದ್ರ ನಮ್ ಭೂಮಿ ಹೆಂಗದ ಮಿಸ್? ನಿಂತಿರ್ತದಾ, ಮಲಗಿರ್ತದಾ?"

ಸ್ಟೆಲ್ಲೇರಿಯಮ್‌ನಲ್ಲಿ ನಿಲ್ಲುವ ಜಾಗವನ್ನು ಲೊಕ್ಕನಹಳ್ಳಿಯಿಂದ ಚಂದ್ರನಿಗೆ ಬದಲಾಯಿಸಲು ಬರುತ್ತದೆ ಎಂದು ನೆನಪಾಯಿತು. ಇದುವರೆಗೆ ಮಾಡಿ ನೋಡಿರಲಿಲ್ಲ. ಗೊಂಚಲಿನಲ್ಲಿ ಕಂಪ್ಯೂಟರ್ ರೂಮಿನ ಕೈ ಹುಡುಕಿದೆ. ಅಷ್ಟರಲ್ಲಿ ಉಳಿದವರೂ ಬಂದು ಬಾಗಿಲಿಗೆ ಮುತ್ತಿದ್ದರು.

"ಚಪ್ಪಲಿ ಹೊರಗ್ ಬುಟ್ಟು ಬನ್ನಿ," ಎಂದೆ.